ರೊಮೇನಿಯಾದ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಬೇಡಿ

ಪ್ರಶ್ನೆ: ಗರ್ಭಪಾತವನ್ನು ನಿಷೇಧಿಸಿದ ಮರುವರ್ಷವೇ ರೊಮೇನಿಯಾದಲ್ಲಿ ಜನನ ಪ್ರಮಾಣ ಇಮ್ಮಡಿಯಾಯಿತೆಂದು ಓದಿದೆ. ಜನಸಂಖ್ಯೆ ಕುಸಿಯುತ್ತಿರುವ ಪೂರ್ವ ಯುರೋಪಿಗೆ ಇದೇ ತಕ್ಕ ದಾರಿಯಲ್ಲವೇ?

ಉತ್ತರ: ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಕೇಳುವವರೆಲ್ಲರ ಲೆಕ್ಕವೂ 1967ಕ್ಕೇ ನಿಂತುಬಿಟ್ಟಿರುತ್ತದೆ. 1966ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರ ಹೊರಡಿಸಿದ 770ನೇ ಆಜ್ಞೆಯು, 45 ವರ್ಷ ದಾಟಿದವರು, ನಾಲ್ಕು ಮಕ್ಕಳನ್ನು ಹೆತ್ತವರು ಮೊದಲಾದ ಕೆಲವರನ್ನು ಬಿಟ್ಟು ಉಳಿದ ಹೆಂಗಸರಿಗೆಲ್ಲ ಗರ್ಭಪಾತದ ಬಾಗಿಲು ಮುಚ್ಚಿತು. ಸಾವಿರ ಜನರಿಗೆ 14ರಷ್ಟಿದ್ದ ಜನನ ಮರುವರ್ಷ 27ಕ್ಕೆ ಏರಿದ್ದು ನಿಜ. ಆದರೆ 1983ರ ಹೊತ್ತಿಗೆ ಅದು ಮತ್ತೆ 14ಕ್ಕೇ ಇಳಿದಿತ್ತು. ಗರ್ಭನಿರೋಧಕಗಳೂ ಸುಲಭವಾಗಿ ಸಿಗದ ನಾಡಿನಲ್ಲಿ ಹೆಂಗಸರು ಗುಟ್ಟಾಗಿ ಗರ್ಭ ತೆಗೆಸಿಕೊಳ್ಳತೊಡಗಿದ್ದರು, ಮತ್ತು ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದವಳು ಚಿಕಿತ್ಸೆಯ ಜೊತೆಗೆ ಪೊಲೀಸರ ವಿಚಾರಣೆಗೂ ಹೆದರಬೇಕಾಗಿತ್ತು. 1989ರಲ್ಲಿ ಅಲ್ಲಿ ಲಕ್ಷ ಜೀವಂತ ಜನನಗಳಿಗೆ ಸುಮಾರು 170 ತಾಯಂದಿರು ಸತ್ತರು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಸಾವುಗಳಿಗೆ ಗರ್ಭಪಾತವೇ ಕಾರಣ. ಅದೇ ಡಿಸೆಂಬರ್ 26ರಂದು, ಚೌಷೆಸ್ಕುವಿಗೆ ಗುಂಡಿಕ್ಕಿದ ಮರುದಿನ, ಆಜ್ಞೆ ರದ್ದಾಯಿತು. 1990ರಲ್ಲಿ ತಾಯಂದಿರ ಮರಣ ಅರ್ಧಕ್ಕೆ ಇಳಿಯಿತು. ಅಷ್ಟರಲ್ಲಿ ಹೊಸ ಆಸ್ಪತ್ರೆಗಳೇನೂ ಎದ್ದಿರಲಿಲ್ಲ.

ಈ ಸಾವು ಹೇಗಿರುತ್ತದೆಂದು ನಾನು ಬಲ್ಲೆ. ನಾನು ವೈದ್ಯಕೀಯ ಕಲಿಯುತ್ತಿದ್ದ ದಿನಗಳಲ್ಲಿ, ನಮ್ಮಲ್ಲಿ ಕಾನೂನಿನ ಅನುಮತಿ ಇದ್ದರೂ ಊರಿನಲ್ಲಿ ಗರ್ಭ ಇಳಿಸಲೆಂದು ಕಡ್ಡಿ ಹಾಕಿಸಿಕೊಂಡು ಬಂದಿದ್ದ ಹೆಂಗಸೊಬ್ಬಳ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಮೂತ್ರದ ಚೀಲದಲ್ಲಿ ರಾತ್ರಿಯಿಡೀ ಹನಿಯೂ ಇಳಿಯಲಿಲ್ಲ. ಅದನ್ನು ನೋಡಿದವರು ಜನನ ಪ್ರಮಾಣದ ಲೆಕ್ಕವನ್ನು ಹೀಗೆ ಮುಂದಿಡಲಾರರು. ಅನುಮತಿ ಇದ್ದ ಮಾತ್ರಕ್ಕೆ ಸೇವೆ ಸಿಗುತ್ತದೆಂದೂ ತಿಳಿಯಬೇಡಿ: ರೊಮೇನಿಯಾದಲ್ಲಿ ಇಂದು 14 ವಾರಗಳವರೆಗೆ ಅವಕಾಶವಿದ್ದರೂ ಎಷ್ಟೋ ಸರ್ಕಾರಿ ಆಸ್ಪತ್ರೆಗಳು ಮಾಡುವುದೇ ಇಲ್ಲ, ಖಾಸಗಿ ಆಸ್ಪತ್ರೆಗೆ ದುಡ್ಡು ತೆರಲಾಗದ ಹಳ್ಳಿಯ ಹೆಂಗಸು ಊರೂರು ಅಲೆಯಬೇಕು.

ಪ್ರಶ್ನೆ: ಪೋಲೆಂಡಿನಲ್ಲಿ ತಾಯಿಯ ಜೀವಕ್ಕೆ ಅಪಾಯವಿದ್ದರೆ ಅನುಮತಿ ಇದೆಯಲ್ಲ, ಮತ್ತೇಕೆ ಪ್ರತಿಭಟನೆ?

ಉತ್ತರ: 2021ರಲ್ಲಿ ಪ್ಶ್ಚಿನಾ ಊರಿನಲ್ಲಿ 22 ವಾರದ ಗರ್ಭಿಣಿಯ ನೀರು ಒಡೆದ ಮೇಲೂ ವೈದ್ಯರು ಭ್ರೂಣದ ಹೃದಯ ತಾನಾಗಿ ನಿಲ್ಲಲೆಂದು ಕಾದರು, ಆಕೆ ನಂಜೇರಿ ಸತ್ತಳು, ಅದಕ್ಕೆ.

ಪ್ರಶ್ನೆ: ಜಾರ್ಜಿಯಾ ದೇಶದಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಗೆಳತಿಗೆ ಮುಟ್ಟು ನಿಂತಿದೆ; ಎಳ್ಳು–ಬೆಲ್ಲದ ಕಷಾಯ ಕುಡಿದರೆ ಸಾಕೆಂದು ಊರಿನ ಪಂಡಿತರೊಬ್ಬರು ಫೋನಿನಲ್ಲಿ ಹೇಳಿದ್ದಾರೆ.

ಉತ್ತರ: ವೈದ್ಯಕೀಯ ಓದುವವರೇ ಇದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕಷಾಯದಿಂದ ಗರ್ಭ ಹೋಗುವುದಿಲ್ಲ, ದಿನಗಳು ಹೋಗುತ್ತವೆ. ಅಲ್ಲಿ ಆಕೆಯ ಇಚ್ಛೆಯ ಮೇರೆಗೆ ಅವಕಾಶವಿರುವುದು 12 ವಾರಗಳವರೆಗೆ ಮಾತ್ರ. ಮೊದಲ ಭೇಟಿಯ ನಂತರ ಐದು ದಿನ ಕಾಯಬೇಕೆಂಬ ನಿಯಮ 2014ರಿಂದ ಇದೆ. ಗರ್ಭ ಮುಂದುವರಿಸುವುದೋ ಬಿಡುವುದೋ ಆಕೆಯೇ ನಿರ್ಧರಿಸಲಿ, ಆದರೆ ಇವತ್ತೇ ಸ್ತ್ರೀರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ.