ನಾಯಿ ಕಚ್ಚಿದ ಮೇಲೆ ಲಸಿಕೆ ಹಾಕಿಸಿಕೊಂಡರೂ ರೇಬೀಸ್ ತಡೆಯಬಹುದು ಅಂತಾರೆ, ಅದು ಹೇಗೆ?

ರೇಬೀಸ್ ವೈರಸ್ ಮಿದುಳು ಮುಟ್ಟಲು ಸಾಮಾನ್ಯವಾಗಿ ವಾರಗಟ್ಟಲೆ ಬೇಕು. ಅಷ್ಟರೊಳಗೆ ಲಸಿಕೆ ದೇಹವನ್ನು ಸಜ್ಜು ಮಾಡಿರುತ್ತದೆ.

ಈ ವೈರಸ್ ರಕ್ತದ ಮೂಲಕ ಹರಡುವುದಿಲ್ಲ. ಗಾಯದ ಹತ್ತಿರದ ನರದ ತುದಿಗೆ ನುಗ್ಗಿ, ನರದ ಒಳಗಿನಿಂದಲೇ ಮೇಲೇರುತ್ತದೆ. ಹಿಮ್ಮಡಿಗೆ ಕಚ್ಚಿದ್ದರೆ ಬೆನ್ನುಹುರಿಗೇ ಸುಮಾರು ಒಂದು ಮೀಟರ್ ದಾರಿ. ಹಾಗಾಗಿ ರೋಗ ಕಾಣಿಸಿಕೊಳ್ಳಲು ಹೆಚ್ಚಾಗಿ 2–3 ತಿಂಗಳು ಹಿಡಿಯುತ್ತದೆ. ಆದರೆ ಇದನ್ನು ನಂಬಿ ಸುಮ್ನೆ ಕೂರಬೇಡಿ. ಮುಖಕ್ಕೆ, ಕುತ್ತಿಗೆಗೆ ಕಚ್ಚಿದ್ದರೆ ದಾರಿ ತೀರಾ ಚಿಕ್ಕದು, ಅಲ್ವಾ?

ಲಸಿಕೆಯಿಂದ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನ್‌ಗಳು, ತಯಾರಾಗಲು ಒಂದೆರಡು ವಾರ ಬೇಕು. ಆ ನಡುವಿನ ದಿನಗಳಿಗೆಂದೇ ಆಳವಾದ ಗಾಯಕ್ಕೆ ಸಿದ್ಧ ಪ್ರತಿಕಾಯಗಳನ್ನು, ಅಂದರೆ ಇಮ್ಯುನೋಗ್ಲಾಬ್ಯುಲಿನ್ ಅನ್ನು, ನೇರವಾಗಿ ಚುಚ್ಚುತ್ತಾರೆ.

ಎಲ್ಲಕ್ಕಿಂತ ಮೊದಲು ಗಾಯವನ್ನು ಸೋಪು ಹಾಕಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ವೈರಸ್‌ನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆದು ಹಾಕುತ್ತದೆ. ಆಮೇಲೆ ಅವತ್ತೇ ಆಸ್ಪತ್ರೆಗೆ ಹೋಗಿ. ನೀರು ಕಂಡರೆ ಗಂಟಲು ಬಿಗಿಯುವಂಥ ಲಕ್ಷಣ ಶುರುವಾದ ಮೇಲೆ ಬದುಕಿದವರು ತೀರಾ ಅಪರೂಪ.