ಕೆಂಪು-ಕಪ್ಪು ಪೆಟ್ಟಿಗೆ ಸಾಲಿನ ಪ್ರಶ್ನೆಗೆ ನನ್ನ ಉತ್ತರ

ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ಊರಿನ ಜೇನು) ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಗುರುತಿಗೆ ಅಂತ ಒಂದಕ್ಕೆ ಕೆಂಪು, ಪಕ್ಕದ್ದಕ್ಕೆ ಕಪ್ಪು ಬಳಿದಿದ್ದೀರಿ. ಆದರೂ ಹುಳುಗಳು ಪಕ್ಕದ ಪೆಟ್ಟಿಗೆಗೆ ನುಗ್ಗಿ ಬಾಗಿಲಲ್ಲಿ ಕಚ್ಚಾಡುತ್ತಿವೆ ಅಂತ ಕೇಳಿದ್ದೀರಿ. ನಮ್ಮ ತೋಟದಲ್ಲೂ ಹಿಂದೆ ಹೀಗೇ ಆಗಿತ್ತು. ಫೋಟೋ ನೋಡಿದ ಕೂಡಲೇ ಗೊತ್ತಾಯಿತು. ಜೇನಿಗೆ ಕೆಂಪು ಕಾಣುವುದಿಲ್ಲ. ಅದರ ಕಣ್ಣಿಗೆ ನಿಮ್ಮ ಸಾಲಿನ ಪೆಟ್ಟಿಗೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಕಪ್ಪು.

ಇದನ್ನು ಗಟ್ಟಿಯಾಗಿ ತೋರಿಸಿದವರು ಜೇನಿನ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್. ವಿಯೆನ್ನಾದಲ್ಲಿ 1886ರಲ್ಲಿ ಹುಟ್ಟಿದವರು, ಮ್ಯೂನಿಕ್‌ನಲ್ಲಿ ದುಡಿದವರು. ಆಗ ಕಾರ್ಲ್ ಫಾನ್ ಹೆಸ್ ಅನ್ನುವ ಹೆಸರಾಂತ ನೇತ್ರ ತಜ್ಞರು ಜೇನಿಗೆ ಬಣ್ಣವೇ ಗೊತ್ತಾಗುವುದಿಲ್ಲ ಅಂದಿದ್ದರು. ಅವರು ಹುಳುಗಳನ್ನು ಕತ್ತಲೆಯಲ್ಲಿಟ್ಟು ಯಾವ ಬೆಳಕಿನ ಕಡೆ ಓಡುತ್ತವೆ ಅಂತ ನೋಡಿದ್ದರು. ತಪ್ಪಿಸಿಕೊಳ್ಳಲು ಒದ್ದಾಡುವ ಹುಳು ಬೆಳಕು ಕಂಡ ಕಡೆ ಓಡುತ್ತದೆ, ಬಣ್ಣ ಯಾಕೆ ನೋಡುತ್ತದೆ? ಫ್ರಿಶ್ ಮೇವಿಗೆ ಬಂದ ಹುಳುವನ್ನೇ ಪರೀಕ್ಷೆ ಮಾಡಿದರು. ಬಿಳಿಯಿಂದ ಕಪ್ಪಿನವರೆಗಿನ ಬೂದು ಕಾರ್ಡ್‌ಗಳ ನಡುವೆ ಒಂದು ನೀಲಿ ಕಾರ್ಡ್, ಅದರ ಮೇಲೆ ಮಾತ್ರ ಸಕ್ಕರೆ ನೀರು. ಕಾರ್ಡಿನ ಜಾಗ ಬದಲಿಸುತ್ತಾ ಹೋದರು. ಕೊನೆಗೆ ಸಕ್ಕರೆ ನೀರು ತೆಗೆದು, ಹೊಸ ಕಾರ್ಡ್ ಇಟ್ಟರೂ ಹುಳುಗಳು ನೀಲಿಗೇ ಮುತ್ತಿದವು. ಕೆಂಪಿನ ಮೇಲೆ ಅಭ್ಯಾಸ ಮಾಡಿಸಿದಾಗ ಕೆಂಪು, ಕಪ್ಪು, ಗಾಢ ಬೂದು ಎಲ್ಲದರ ಮೇಲೂ ಕೂತವು. 1914ರಲ್ಲಿ ಇದು ಅಚ್ಚಾಯಿತು.

ಆಮೇಲೆ ಅವರು ಪೆಟ್ಟಿಗೆಗೇ ಬಣ್ಣದ ತಗಡು ಹಾಕಿ ನೋಡಿದರು. ಹುಳು ತುಂಬಿದ ಪೆಟ್ಟಿಗೆಗೆ ನೀಲಿ, ಪಕ್ಕದ ಖಾಲಿ ಪೆಟ್ಟಿಗೆಗೆ ಹಳದಿ. ತಗಡು ಅದಲುಬದಲು ಮಾಡಿದಾಗ ಮೇವಿನಿಂದ ಬಂದ ಹುಳುಗಳು ಖಾಲಿ ಪೆಟ್ಟಿಗೆಗೆ ಹೋದವು. ನಮಗೆ ಬೇಕಾದ ಪಾಠ ಇದು. ನಾನು ಬಳಸುವುದು ನೀಲಿ, ಹಳದಿ, ಬಿಳಿ ಮೂರೇ. ಮುಂಭಾಗಕ್ಕೂ ಇಳಿಯುವ ಹಲಗೆಗೂ ಬಳಿದರೆ ಸಾಕು. ಹಳದಿ ಪಕ್ಕದಲ್ಲಿ ಎಲೆಹಸಿರು, ಕಿತ್ತಳೆ ಇಡಬೇಡಿ, ಜೇನು ಅವನ್ನೂ ಹಳದಿ ಅಂತಲೇ ತಿಳಿಯುತ್ತದೆ. ಒಂದೊಂದು ಪೆಟ್ಟಿಗೆಯ ಎಡಬಲದಲ್ಲಿರುವ ಬಣ್ಣಗಳ ಜೋಡಿಯೂ ಬೇರೆ ಬೇರೆ ಇರಲಿ, ಹುಳು ಅಕ್ಕಪಕ್ಕವನ್ನೂ ನೆನಪಿಡುತ್ತದೆ. ಆದರೆ ಈಗ ತುಂಬಿರುವ ಪೆಟ್ಟಿಗೆಗಳ ಬಣ್ಣವನ್ನು ಒಂದೇ ದಿನ ಎಲ್ಲಾ ಬದಲಿಸಬೇಡಿ, ಗೊಂದಲ ಇನ್ನೂ ಜಾಸ್ತಿ ಆಗುತ್ತದೆ. ಒಂದೊಂದಾಗಿ, ಸಂಜೆ ಹುಳು ಒಳಗೆ ಸೇರಿದ ಮೇಲೆ ಮಾಡಿ.

ಪೇಂಟ್ ಬಗ್ಗೆ: ಏಷ್ಯನ್ ಪೇಂಟ್ಸ್ ಆಗಲಿ ಬರ್ಜರ್ ಆಗಲಿ, ನೀರಿನಲ್ಲಿ ಕಲಸುವ ಎಕ್ಸ್‌ಟೀರಿಯರ್ ಎಮಲ್ಷನ್ ತಗೊಳ್ಳಿ. ಆಯಿಲ್ ಇನಾಮೆಲ್ ನನಗೆ ಇಷ್ಟವಿಲ್ಲ, ವಾಸನೆ ತುಂಬಾ ದಿನ ಹೋಗುವುದಿಲ್ಲ. ಒಳಗಡೆ ಯಾವುದನ್ನೂ ಬಳಿಯಬೇಡಿ. ದಯವಿಟ್ಟು.

ಕೆಳಗೆ ಒಬ್ಬರು ಮಳೆಗಾಲದಲ್ಲಿ ಬೆಲ್ಲದ ಪಾಕ ಕೊಡಿ ಅಂದಿದ್ದಾರೆ. ಕೊಡಬೇಡಿ, ಹುಳುಗಳಿಗೆ ಭೇದಿ ಹಿಡಿಯುತ್ತದೆ. ಬಿಳಿ ಸಕ್ಕರೆ, ಸಮ ನೀರು, ಅಷ್ಟೇ. ಸ್ಯಾಕ್ರಿನ್ ಸೇರಿಸಿ ಸಕ್ಕರೆ ಉಳಿಸುವ ಉಪಾಯ ಹೇಳಿದವರಿಗೂ ಒಂದು ಮಾತು: ಫ್ರಿಶ್ ಮೂವತ್ತಕ್ಕೂ ಹೆಚ್ಚು ಬಗೆಯ ಸಕ್ಕರೆ ಮತ್ತು ಸಿಹಿಗಳನ್ನು ಜೇನಿಗೆ ಕೊಟ್ಟು ನೋಡಿದ್ದರು, ಕೆಲವು ಮಾತ್ರ ಅದಕ್ಕೆ ಸಿಹಿ ಅನಿಸಿದವು. ಸ್ಯಾಕ್ರಿನ್ ಅದರಲ್ಲಿ ಇಲ್ಲ. ಪಾಕವನ್ನು ಪೆಟ್ಟಿಗೆ ಪಕ್ಕದಲ್ಲಿ ಬಯಲಿಗೆ ಇಡಬೇಡಿ, ಬೇರೆ ಗೂಡಿನ ಹುಳುಗಳು ಬಂದು ಕಳ್ಳತನ ಶುರುವಾಗುತ್ತದೆ.

ಪಾಕದ ಮಾತು ಬಂದದ್ದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ವಿಧಾನ ಹೇಳುತ್ತೇನೆ, ಇದೂ ಫ್ರಿಶ್ ಅವರದ್ದೇ. 1941ರಲ್ಲಿ, ಅಜ್ಜಿಯ ಕಡೆ ಯಹೂದಿ ಮೂಲ ಇತ್ತು ಅಂತ ನಾಜಿ ಸರ್ಕಾರ ಅವರನ್ನು ಕೆಲಸದಿಂದ ತೆಗೆಯಲು ಹೊರಟಿತ್ತು. ಅದೇ ಹೊತ್ತಿಗೆ ಜೇನಿನ ಹೊಟ್ಟೆಗೆ ಹಿಡಿಯುವ ನೊಸೀಮಾ ರೋಗ ಬಂದು ಜರ್ಮನಿಯಲ್ಲಿ ಲಕ್ಷಗಟ್ಟಲೆ ಜೇನು ಕುಟುಂಬ ಸತ್ತವು. ಜೇನು ಗೊತ್ತಿದ್ದ ಈ ಮನುಷ್ಯನನ್ನು ಬಿಡಲು ಆಗಲಿಲ್ಲ, ವಜಾ ಮುಂದಕ್ಕೆ ಹೋಯಿತು. ಆ ವರ್ಷಗಳಲ್ಲಿ ಅವರು ಮಾಡಿದ ಕೆಲಸ: ಯಾವ ಬೆಳೆಗೆ ಜೇನು ಹೋಗಬೇಕೋ ಅದರ ಹೂವನ್ನು ಪಾಕದಲ್ಲಿ ನೆನೆಸಿ ಕೊಡುವುದು. ಕೆಂಪು ಕ್ಲೋವರ್ ಅನ್ನುವ ಮೇವಿನ ಬೆಳೆಗೆ ಹೀಗೆ ಮಾಡಿದಾಗ ಬೀಜ ಹೆಚ್ಚು ಕಟ್ಟಿತು. ಕುಡಿದ ಹುಳು ಆ ವಾಸನೆಯನ್ನು ಗೂಡಿನ ಜೊತೆಯವರಿಗೆ ದಾಟಿಸುತ್ತದೆ, ಅವು ಅದೇ ಹೂ ಹುಡುಕಿ ಹೋಗುತ್ತವೆ.

ನಾನು ಸೌತೆ ಮತ್ತು ಈರುಳ್ಳಿ ಬೀಜದ ಮಡಿಗೆ ಮಾಡುತ್ತೇನೆ. ತಾಜಾ ಹೂವನ್ನು ಹಸಿರು ತೊಟ್ಟು ಬಿಡಿಸಿ, ಆರಿದ ಪಾಕದಲ್ಲಿ ಕೆಲವು ಗಂಟೆ ನೆನೆಸಿ, ಸೋಸಿ, ಬೆಳಗ್ಗೆ ಬೇಗ ಪೆಟ್ಟಿಗೆ ಒಳಗೇ ಕೊಡುತ್ತೇನೆ. ಬಿಸಿ ಪಾಕಕ್ಕೆ ಹಾಕಿದರೆ ವಾಸನೆ ಹೋಗುತ್ತದೆ. ಔಷಧಿ ಹೊಡೆದ ಹೂ ಬೇಡವೇ ಬೇಡ. ಹತ್ತಿರದಲ್ಲಿ ಇನ್ನೂ ಒಳ್ಳೆಯ ಮಕರಂದ ಇದ್ದರೆ ಹುಳು ಅತ್ತಲೇ ಹೋಗುತ್ತದೆ, ಅದಕ್ಕೆ ಬೇಜಾರಾಗಬೇಡಿ. ಜೇನು ತೆಗೆಯುವ ಸೂಪರ್ (ಜೇನು ತುಂಬುವ ಮೇಲಿನ ಅಂತಸ್ತು) ಇದ್ದಾಗ ಇದನ್ನು ಮಾಡಬೇಡಿ, ಪಾಕ ಜೇನಿಗೆ ಸೇರಿ ಮೋಸವಾಗುತ್ತದೆ.

ಮೇವು ಕಂಡ ಹುಳು ಗೂಡಿಗೆ ಬಂದು ಜೊತೆಯವರಿಗೆ ತಿಳಿಸಲು ಮಾಡುವ ಕುಣಿತದ ಬಗ್ಗೆ ಕೇಳಿದ ಹುಡುಗನಿಗೆ: ಫ್ರಿಶ್ 1920ರ ದಶಕದಲ್ಲಿ ಸುತ್ತು ಕುಣಿತ ಮಕರಂದಕ್ಕೆ, ಬಾಲ ಅಲ್ಲಾಡಿಸುವ ಕುಣಿತ ಪರಾಗಕ್ಕೆ ಅಂತ ಬರೆದಿದ್ದರು. 1944ರಲ್ಲಿ ಮೇವಿನ ತಟ್ಟೆಯನ್ನು ದೂರ ಇಟ್ಟು ನೋಡಿದಾಗ ಅದು ದೂರದ ಲೆಕ್ಕ, ಹತ್ತಿರಕ್ಕೆ ಸುತ್ತು ಕುಣಿತ, ದೂರಕ್ಕೆ ಬಾಲದ ಕುಣಿತ ಅಂತ ಗೊತ್ತಾಯಿತು, ಹಳೆಯದನ್ನು ತಾವೇ ತಿದ್ದಿದರು. 1973ರ ನೊಬೆಲ್ ಬಂದಿತು. ಅವರ ಶಿಷ್ಯ ಮಾರ್ಟಿನ್ ಲಿಂಡೌವರ್ ಶ್ರೀಲಂಕಾಕ್ಕೆ ಬಂದು ನಮ್ಮ ತುಡುವೆ, ಕೋಲುಜೇನು, ಹೆಜ್ಜೇನಿನ ಕುಣಿತವನ್ನೇ ನೋಡಿದರು. ತುಡುವೆ ಮೆಲ್ಲಿಫೆರಾದಷ್ಟು (ಯುರೋಪಿನ ಜೇನಿನಷ್ಟು) ದೂರ ಮೇಯಲು ಹೋಗುವುದಿಲ್ಲ. ಹಾಗಾಗಿ ಪೆಟ್ಟಿಗೆ ಜಾಗ ಬದಲಿಸುವಾಗ, ಹುಳು ಹಳೆಯ ಜಾಗಕ್ಕೆ ವಾಪಸ್ ಹೋಗದಿರಲು ಮೂರು ಮೈಲಿ ಅನ್ನುವ ಪುಸ್ತಕದ ಲೆಕ್ಕ ನಮಗೆ ಬೇಕಿಲ್ಲ, ನಾನು ಎರಡು ಕಿಲೋಮೀಟರ್ ದಾಟಿಸುತ್ತೇನೆ. ತೋಟದ ಒಳಗೇ ಸರಿಸುವುದಾದರೆ ದಿನಕ್ಕೆ ಎರಡು ಮೂರು ಅಡಿ, ಅದೂ ಸಂಜೆ. ಮೊದಲು ಬಣ್ಣ ಸರಿ ಮಾಡಿ, ಪೆಟ್ಟಿಗೆ ಸರಿಸುವುದನ್ನು ಹುಳು ಹೊಂದಿಕೊಂಡ ಮೇಲೆ ನೋಡೋಣ.