ಊರಿಗೆ ಹೊರಡುವ ಮುಂಚೆ ಮೇಲ್‌ಬಾಕ್ಸ್ ಕೀ ಯಾರ ಕೈಗೆ?

ತಂಗಿ, ನಿನ್ನ ಪ್ರಶ್ನೆ ಓದಿದೆ. ಡಲ್ಲಾಸ್‌ಗೆ ಬಂದು ನಾಲ್ಕು ತಿಂಗಳು, ಡಿಸೆಂಬರ್‌ನಲ್ಲಿ ಅಕ್ಕನ ಮದುವೆಗೆ ಐದು ವಾರ ಊರಿಗೆ ಹೋಗಬೇಕು, ಡ್ರೈವಿಂಗ್ ಲೈಸೆನ್ಸ್ ಕಾರ್ಡ್ ಇನ್ನೂ ಅಂಚೆಯಲ್ಲಿ ಬರಬೇಕು, ಅಪಾರ್ಟ್‌ಮೆಂಟ್‌ನಲ್ಲಿ ಟಪಾಲು ಕದಿಯುತ್ತಾರಂತೆ, ಏನು ಮಾಡಲಿ ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಕಾರು. ಬಾಡಿಗೆಗೆ ಆಟೋಪೇ ಹಾಕು, ಕಾರಿನ ಇನ್ಶೂರೆನ್ಸ್ ನಿಲ್ಲಿಸಬೇಡ, ಅಷ್ಟೇ. ಟಪಾಲಿನ ವಿಷಯ ಮಾತ್ರ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

2011ರಲ್ಲಿ ನಾವು ಬಂದಾಗ ಅಪಾರ್ಟ್‌ಮೆಂಟ್ ಬಾಡಿಗೆಗೆ ಕೊಡುವ ಲೀಸಿಂಗ್ ಆಫೀಸಿನಲ್ಲಿ ಎರಡು ಕೀ ಕೊಟ್ಟರು. ಒಂದು ಮನೆಯದು, ಇನ್ನೊಂದು ಪುಟ್ಟದು, ಮೇಲ್‌ಬಾಕ್ಸಿನದು. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಟಪಾಲು ಡಬ್ಬಿಯೇ ಇರಲಿಲ್ಲ. ಪೋಸ್ಟಣ್ಣ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಕಾಗದ ಕೊಟ್ಟು ಹೋಗುತ್ತಿದ್ದ, ನಾವಿಲ್ಲದಿದ್ದರೆ ಪಕ್ಕದ ಮನೆಗೆ ಕೊಡುತ್ತಿದ್ದ. ನಿಮ್ಮ ಕಡೆಯೂ ಹಾಗೇ ಅಲ್ವಾ? ಇಲ್ಲಿ ಇಡೀ ಬಿಲ್ಡಿಂಗಿನ ಡಬ್ಬಿಗಳು ಒಂದೇ ಕಡೆ ಸಾಲಾಗಿ ಇರುತ್ತವೆ. ಕಳ್ಳ ಆ ಡಬ್ಬಿಗಳ ಸಾಲಿನ ಮುಂದಿನ ದೊಡ್ಡ ಬಾಗಿಲು ಮೀಟಿದರೆ ಎಲ್ಲರದ್ದೂ ಒಟ್ಟಿಗೆ ಸಿಗುತ್ತದೆ.

ನಮಗೆ ಆದದ್ದು 2017ರಲ್ಲಿ. ಎಚ್-4 ವೀಸಾದಲ್ಲಿ, ಅಂದರೆ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ, ಇರುವ ಕೆಲವರಿಗೆ ಕೆಲಸದ ಪರವಾನಗಿ ಸಿಗಲು ಶುರುವಾದದ್ದೇ 2015ರ ಮೇ ತಿಂಗಳಲ್ಲಿ. ನನ್ನ ಹೆಂಡತಿ ಆರು ವರ್ಷ ಮನೆಯಲ್ಲೇ ಇದ್ದವಳು, ಅರ್ಜಿ ಹಾಕಿ, ಇಂಟರ್‌ವ್ಯೂ ಕೊಟ್ಟು, ಕೆಲಸವನ್ನೂ ಗಿಟ್ಟಿಸಿಕೊಂಡಿದ್ದಳು. ಪರವಾನಗಿಯ ಕಾರ್ಡ್ ಅಂಚೆಯಲ್ಲಿ ಕೈಗೆ ಬಂದರೆ ಸೇರುವುದೊಂದೇ ಬಾಕಿ. ಅಷ್ಟರಲ್ಲಿ ತಮ್ಮನ ಗೃಹಪ್ರವೇಶ, ಮೂರು ವಾರ ಊರಿಗೆ ಹೊರಟೆವು. "ಪಕ್ಕದ ಮನೆ ಅಜ್ಜಿಗೆ ಕೀ ಕೊಟ್ಟು ಹೋಗೋಣ" ಅಂದಳು. ನಾನು, ಸುಮ್ನೆ ಅವರಿಗೆ ಯಾಕೆ ತೊಂದರೆ, ಇಲ್ಲಿಯವರಿಗೆ ಇದೆಲ್ಲ ಇಷ್ಟವಾಗುವುದಿಲ್ಲ ಅಂದೆ. ವಾಪಸ್ ಬಂದು ನೋಡಿದರೆ ಡಬ್ಬಿಯ ಬಾಗಿಲು ಸೊಟ್ಟಗಾಗಿತ್ತು, ಒಳಗೆ ಏನೂ ಇರಲಿಲ್ಲ. ಟ್ರ್ಯಾಕಿಂಗ್‌ನಲ್ಲಿ ಕಾರ್ಡ್ ತಲುಪಿದೆ ಅಂತಲೇ ಇತ್ತು. ಹೊಸ ಅರ್ಜಿ, ಮತ್ತೆ 410 ಡಾಲರ್ ಫೀಸು, ನಾಲ್ಕು ತಿಂಗಳು ಕಾಯುವುದು. ಕಂಪನಿಯವರು ಅಷ್ಟು ದಿನ ಕಾಯಲಿಲ್ಲ. ಮರುವರ್ಷ ಬೇರೆ ಕೆಲಸ ಸಿಕ್ಕಿತು, ಈಗ ಅಲ್ಲೇ ಒಂದು ತಂಡ ನಡೆಸುತ್ತಾಳೆ, ನನಗೆ ಹೆಮ್ಮೆ. ಆದರೆ ಆ ಮೊದಲ ಕೆಲಸದ ಮಾತು ಬಂದರೆ ಇಂದಿಗೂ ಎದ್ದು ಒಳಗೆ ಹೋಗುತ್ತಾಳೆ. ಪಕ್ಕದ ಅಜ್ಜಿ ಎಲ್ಲ ಕೇಳಿ ಹೇಳಿದ್ದು ಒಂದೇ ಮಾತು, "ನನ್ನನ್ನು ಒಂದು ಮಾತು ಕೇಳಬಾರದಿತ್ತಾ?"

ಅದಕ್ಕೇ ಹೇಳುತ್ತೇನೆ, ನೀನು ಮೊದಲು ಪಕ್ಕದ ಮನೆಯ ಬಾಗಿಲು ತಟ್ಟು. ಇಲ್ಲಿನ ಸರ್ಕಾರಿ ಅಂಚೆ ಇಲಾಖೆ ಯುಎಸ್‌ಪಿಎಸ್‌ನ ಹೋಲ್ಡ್ ಮೇಲ್ ಅಂತ ಇದೆ, ದುಡ್ಡು ಬೇಡ, ಆನ್‌ಲೈನಿನಲ್ಲೇ ಹಾಕಬಹುದು, ಟಪಾಲು ಪೋಸ್ಟ್ ಆಫೀಸಿನಲ್ಲೇ ಉಳಿಯುತ್ತದೆ. ಆದರೆ ಅದು 30 ದಿನಕ್ಕಷ್ಟೇ, ನೀನು ಹೋಗುವುದು 35 ದಿನ. ಹಾಗಾಗಿ ಮೊದಲ ಐದು ದಿನ ಪಕ್ಕದವರು ತೆಗೆದಿಡಲಿ, ಆಮೇಲಿಂದ ಹೋಲ್ಡ್ ಹಾಕು, ಬಂದ ಮೇಲೆ ಫೋಟೋ ಐಡಿ ತೋರಿಸಿ ನೀನೇ ತೆಗೆದುಕೊಂಡು ಬಾ. ರೂಮ್‌ಮೇಟ್ ಇದ್ದರೆ ಹೋಲ್ಡ್ ಹಾಕುವ ಮುಂಚೆ ಅವಳನ್ನು ಕೇಳು, ಆ ವಿಳಾಸದ ಎಲ್ಲರ ಟಪಾಲೂ ನಿಲ್ಲುತ್ತದೆ. ಗೆಳತಿಯ ಮನೆಗೆ ಫಾರ್ವರ್ಡ್ ಮಾಡಿಸಿದರೆ ಸಾಕು ಅಂತ ನಂಬಬೇಡ, ಸರ್ಕಾರದ ಎಷ್ಟೋ ಲಕೋಟೆಗಳು ಹಾಗೆ ಹೋಗುವುದಿಲ್ಲ, ಕಳಿಸಿದವರಿಗೇ ವಾಪಸಾಗುತ್ತವೆ.

ಯುಎಸ್‌ಪಿಎಸ್‌ನದೇ ಇನ್ಫಾರ್ಮ್ಡ್ ಡೆಲಿವರಿ ಅನ್ನುವ ಸೇವೆಗೆ ಇವತ್ತೇ ಸೇರಿಕೋ. ಬರಲಿರುವ ಲಕೋಟೆಗಳ ಮುಂಭಾಗದ ಕಪ್ಪು-ಬಿಳುಪು ಚಿತ್ರ ಬೆಳಗ್ಗೆ ಇಮೇಲಿಗೆ ಬರುತ್ತದೆ, ಊರಲ್ಲಿ ಕೂತೇ ಯಾವುದು ಬಂತು ಅಂತ ನೋಡಬಹುದು. ಯುಪಿಎಸ್, ಫೆಡೆಕ್ಸ್‌ನಂಥ ಖಾಸಗಿ ಕೊರಿಯರ್ ಪಾರ್ಸೆಲ್‌ಗಳಿಗೆ ಈ ಹೋಲ್ಡ್ ಲೆಕ್ಕವಿಲ್ಲ. ಹೊರಡುವ ಒಂದು ವಾರ ಮುಂಚೆಯೇ ಆರ್ಡರ್ ಮಾಡುವುದು ನಿಲ್ಲಿಸು. ಸಾಲದ ದಾಖಲೆ ಇಡುವ ಕಂಪನಿಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಕ್ರೆಡಿಟ್ ಫ್ರೀಜ್, ಅಂದರೆ ನಿನ್ನ ದಾಖಲೆಗೆ ಬೀಗ, ಹಾಕಿಬಿಡು, ಅದಕ್ಕೂ ದುಡ್ಡಿಲ್ಲ. ಕದ್ದ ಕಾಗದದಿಂದ ನಿನ್ನ ಹೆಸರಲ್ಲಿ ಸಾಲ ತೆಗೆಯುವುದು ಆಗ ಕಷ್ಟ.

ನಮ್ಮ ಕೀ ಈಗ ಅಜ್ಜಿಯ ಅಡುಗೆಮನೆಯ ಮೊಳೆಗೇ ನೇತಾಡುತ್ತದೆ. ಪ್ರತಿ ಸಲ ಊರಿಂದ ಅಮ್ಮ ಅವರಿಗೆ ಅಂತಲೇ ಒಂದು ಡಬ್ಬ ಕೋಡುಬಳೆ ಕಟ್ಟಿಕೊಡುತ್ತಾರೆ. ನೀನೂ ಮದುವೆ ಮನೆಯಿಂದ ಏನಾದರೂ ತಂದುಕೊಡು. ಲೈಸೆನ್ಸ್ ಕಾರ್ಡ್ ಬಂದ ದಿನ ನನಗೊಂದು ಸಾಲು ಬರೆ.